ಮಗುವಿನ ತಲೆಗೆ ಸುತ್ತಿದ ಟವೆಲ್ಲು

ಮಗುವಿನ ಎರಡು ಕೈಯನ್ನೂ ಮಂಚದ ಕಂಬಿಗೆ ಕಟ್ಟಿದರು. ಗಾಯಕ್ಕೆ ಸುತ್ತುವ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಕಟ್ಟುವಾಗ ಒಂದು ಕೈಯನ್ನು ಅದುಮಿ ಹಿಡಿದಿದ್ದವಳು ನಾನು. ಐದು ವರ್ಷದ ಹುಡುಗಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ, ನನ್ನ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು. ಮುಖ ಬೆಂದ ಹಾಗೆ ಕೆಂಪಾಗಿತ್ತು. ಕಟ್ಟಿದ ಮೇಲೂ ಬೆರಳುಗಳು ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದವು. ನನ್ನನ್ನು ನೋಡಿ, ‘ಇವ್ಳನ್ನ ಆಚೆಗ್ ಕಳ್ಸು’ ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ.

ಅದು ನಮ್ಮ ರಾಜ್ಯವಲ್ಲ. ಗೋಡೆಯ ಮೇಲೆ ಬರೆದಿದ್ದ ಒಂದು ಅಕ್ಷರವೂ ನಮಗೆ ಓದಲು ಬರುತ್ತಿರಲಿಲ್ಲ.

ಇದನ್ನು ಬಹಳ ಜನಕ್ಕೆ ಹೇಳಿದ್ದೇನೆ. ಕಾಯಿಲೆ ಮಗುವನ್ನು ಸೊಂಟದ ಮೇಲೆ ಹೊತ್ತು ಆಸ್ಪತ್ರೆಯ ಸಾಲಿನಲ್ಲಿ ನಿಂತ ತಾಯಂದಿರಿಗಂತೂ ಅವರು ಕೇಳದಿದ್ದರೂ ಹೇಳಿದ್ದೇನೆ. ಹೇಳಿ ಹೇಳಿ ಕಥೆ ನುಣುಪಾಗಿದೆ. ಎಲ್ಲೆಲ್ಲಿ ನುಣುಪಾಗಿದೆಯೋ ಅಲ್ಲೆಲ್ಲ ನನಗೆ ಅನುಮಾನ. ಈ ಸಲ ಎಡವಿಕೊಂಡೇ ಹೇಳುತ್ತೇನೆ.

ನಮ್ಮ ಊರು ಮಾಗಡಿಯಿಂದ ಬಿಡದಿಗೆ ಬರುವ ದಾರಿಯಲ್ಲಿದೆ. ಹಿತ್ತಲಲ್ಲಿ ನಿಂತರೆ ಸಾವನದುರ್ಗದ ಬಂಡೆ ಕಾಣುತ್ತದೆ. ಆ ವರ್ಷಗಳಲ್ಲಿ ಊರಿನ ಅರ್ಧ ಜನ ಬೆಳಿಗ್ಗೆ ಫ್ಯಾಕ್ಟರಿ ವ್ಯಾನು ಹತ್ತುತ್ತಿದ್ದರು. ನನ್ನ ಗಂಡ ರಾಜಣ್ಣ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಹೋಗುತ್ತಿದ್ದ. ನಾನು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಹೊನ್ನಮ್ಮ, ಮಗಳು ಚೈತ್ರ, ಮತ್ತೆ ರೇಷ್ಮೆ ಹುಳಗಳು.

ಹುಳದ ಮನೆ ಅತ್ತೆಯ ರಾಜ್ಯ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಹಾಕಿದ ಗೋಣಿತಾಟು ಇರುತ್ತಿತ್ತು, ಅದನ್ನು ತುಳಿದೇ ಒಳಗೆ ಹೋಗಬೇಕು. ಮೊಣಕೈವರೆಗೆ ಮೂರು ಸಲ ಕೈ ತೊಳೆಯಬೇಕು. ಔಷಧಿ ಹೊಡೆದ ಹೊಲದಲ್ಲಿ ಕಾಲಿಟ್ಟು ಬಂದವರಿಗೆ ಆ ದಿನ ಪ್ರವೇಶವಿಲ್ಲ. ಒಮ್ಮೆ ಪಕ್ಕದ ಟೊಮೆಟೊ ತೋಟದ ಗಾಳಿ ಈ ಕಡೆ ಬೀಸಿ ಅರ್ಧ ಬೆಳೆ ಸತ್ತಿತ್ತು. ಹುಳಗಳು ಹಸಿರು ನೀರು ಕಾರಿಕೊಂಡು, ಬಿಲ್ಲಿನ ಹಾಗೆ ಬಾಗಿ, ಅದುರಿ ಅದುರಿ ಸತ್ತವು. ಅತ್ತೆ ಅವನ್ನು ಮೊರದಲ್ಲಿ ತುಂಬಿ ಗುಂಡಿಗೆ ಸುರಿದು, ಆ ತೋಟದವನ ಮನೆ ಮುಂದೆ ನಿಂತು ಒಂದು ಹೊತ್ತಿಡೀ ಬೈದು ಬಂದಿದ್ದರು.

ಚೈತ್ರ ಹುಟ್ಟಿದಾಗ ಉಸಿರು ಕಟ್ಟಿತ್ತಂತೆ. ಐದು ವರ್ಷ ತುಂಬುವ ತನಕ ಕತ್ತರಿ ಮುಟ್ಟಿಸದೆ ಬೆಳೆಸಿ ಮುಡಿ ಕೊಡುತ್ತೇವೆ ಎಂದು ಅತ್ತೆ ಮನೆದೇವರಿಗೆ ಹರಕೆ ಹೊತ್ತಿದ್ದರು. ಆ ದೇವರು ಇರುವುದು ಗಡಿಯಾಚೆ, ತಮಿಳುನಾಡಿನ ಒಂದು ಹಳ್ಳಿಯಲ್ಲಿ. ಯಾವ ಕಾಲದಲ್ಲೋ ಅಲ್ಲಿಂದ ಬಂದವರಂತೆ ನಾವು. ಐದು ತುಂಬಿ ತಿಂಗಳಾಗಿತ್ತು. ಮಗಳ ತಲೆಯಲ್ಲಿ ಮೊಳದುದ್ದ ಕೂದಲು, ಕೂದಲ ತುಂಬ ಹೇನು. ಕೆರೆದು ಕೆರೆದು ನೆತ್ತಿ ಹುಣ್ಣಾಗಿತ್ತು. ಕತ್ತರಿಸುವ ಹಾಗಿಲ್ಲ. ಬಾಚಿ ಬಾಚಿ ಸಾಕಾಗಿತ್ತು.

‘ಮುಡೀಲಿ ಜೀವ ಇರ್ಬಾರ್ದು ಕಣವ್ವ’ ಎಂದು ಅತ್ತೆ ಒಂದು ವಾರದಿಂದ ಹೇಳುತ್ತಿದ್ದರು. ‘ದೇವ್ರ್ ಮುಂದೆ ಮುಡಿ ಬಿದ್ದಾಗ ಅದ್ರೊಳಗೆ ಹೇನ್ ಹರಿದಾಡುದ್ರೆ ಹರಕೆ ಸಲ್ಲಕಿಲ್ಲ.’

‘ಏನಾರ ಮಾಡಿ ಅತ್ತೆ, ನನ್ ಕೈಲಂತೂ ಆಗಾಕಿಲ್ಲ’ ಎಂದಿದ್ದೆ ನಾನು.

ಹೊರಡುವ ಹಿಂದಿನ ಸಂಜೆ ಗಾರ್ಮೆಂಟ್ಸ್ ವ್ಯಾನಿನಿಂದ ಇಳಿದು ಬಂದಾಗ ಮಗಳು ಹೊರಗಡೆ ಜಗಲಿಯ ಮೇಲೆ ತಲೆಗೆ ಟವೆಲ್ಲು ಬಿಗಿದುಕೊಂಡು ಕೂತಿದ್ದಳು. ಹುಳ ಹಣ್ಣಾಗಿ ಗೂಡು ಕಟ್ಟಲು ನಾಲ್ಕೈದು ದಿನ ಇತ್ತು. ಅತ್ತೆ ಹೊಸ್ತಿಲಲ್ಲಿ ನಿಂತು, ‘ಅವ್ಳನ್ನ ಒಳೀಕ್ ಕರೀಬ್ಯಾಡ, ಜಗಲೀಲೇ ಮಲಗ್ಲಿ’ ಎಂದರು. ಯಾಕೆ ಎಂದು ಕೇಳಿದೆ. ತಲೆಗೆ ಹರಳೆಣ್ಣೆ ಹಚ್ಚಿದ್ದೇನೆ ಎಂದರು. ಊಟ ಮಾಡಿ ಮಗಳ ಪಕ್ಕದಲ್ಲೇ ಮಲಗಿದೆ. ಈ ಭಾಗವನ್ನು ನಾನು ಯಾವಾಗಲೂ ಹೀಗೇ ಹೇಳುತ್ತೇನೆ.

ಬೆಳಿಗ್ಗೆ ಅತ್ತೆ ಸೀಗೆಪುಡಿಯಲ್ಲಿ ತಲೆ ತೊಳೆದರು. ಪಕ್ಕದ ಮನೆಯವರಿಗೆ ಹುಳಕ್ಕೆ ಸೊಪ್ಪು ಹಾಕಲು ಹೇಳಿ, ಸಂಜೆಗೆ ವಾಪಸ್ ಎಂದು ನಾಲ್ಕು ಜನ ವ್ಯಾನು ಹತ್ತಿದೆವು. ಡ್ರೈವರ್ ಕುಮಾರ ಪಕ್ಕದ ಊರಿನವನು, ನನ್ನ ಗಂಡನಿಗೆ ತಮ್ಮನ ಹಾಗೆ. ಕನಕಪುರ ದಾಟುವಾಗಲೇ ಮಗು ಮಂಕಾದಳು. ಬಾಯಿಂದ ಜೊಲ್ಲು ಸುರಿಯಿತು, ಎರಡು ಸಲ ವಾಂತಿಯಾಯಿತು. ವ್ಯಾನಿನ ವಾಂತಿ ಅಂದುಕೊಂಡೆವು. ಆ ಟವೆಲ್ಲನ್ನೇ ಮಡಚಿ ನನ್ನ ತೊಡೆಯ ಮೇಲಿಟ್ಟು ಅವಳ ತಲೆ ಇಟ್ಟುಕೊಂಡೆ. ನನ್ನ ನೆನಪಲ್ಲಿ ಅದು ಹಸಿರು. ಗಂಡ ಕೆಂಪು ಎನ್ನುತ್ತಾನೆ. ಗಡಿ ದಾಟಿದ ಮೇಲೆ ಕುಮಾರ ಅವಳಿಗೊಂದು ಐಸ್ ಕ್ಯಾಂಡಿ ಕೊಡಿಸಿದ. ಅವಳು ಎರಡು ಸಲ ಚೀಪಿ ಕೆಳಗೆ ಬಿಟ್ಟಳು.

ಮಧ್ಯಾಹ್ನ ಮುಡಿ ತೆಗೆಸಿದೆವು. ಕ್ಷೌರಿಕ ಅವಳ ನೆತ್ತಿಯ ಹತ್ತಿರ ಮೂಗು ತಂದು, ಅತ್ತೆಯ ಮುಖ ನೋಡಿ, ತಮಿಳಿನಲ್ಲಿ ಏನೋ ಕೇಳಿದ. ಅತ್ತೆ ಬೇಗ ಬೋಳಿಸು ಎಂದು ಕೈಸನ್ನೆ ಮಾಡಿದರು. ಹುಣ್ಣಿನ ಮೇಲೆ ಕತ್ತಿ ಎಳೆದಾಗ ಎರಡು ಮೂರು ಕಡೆ ರಕ್ತ ಬಂತು. ಅವಳು ಅಳಲೇ ಇಲ್ಲ. ಅಳದಿದ್ದಕ್ಕೆ ನಾವು ಖುಷಿಪಟ್ಟೆವು. ಬೋಳುತಲೆಗೆ ಗಂಧ ಮೆತ್ತಿ ದೇವರ ಮುಂದೆ ನಿಲ್ಲಿಸಿದಾಗ ಅವಳ ಮೊಣಕಾಲು ಮಡಚಿಕೊಂಡವು. ಕಲ್ಲಿನ ಮೇಲೆ ಬಿದ್ದು, ಬಿಲ್ಲಿನ ಹಾಗೆ ಬಾಗಿ, ಅದುರತೊಡಗಿದಳು. ಹಲ್ಲಿನ ಸಂದಿಯಿಂದ ನೊರೆ ಬಂತು.

ಮೈಮೇಲೆ ದೇವರು ಬಂತು ಎಂದು ಯಾರೋ ಕೈಮುಗಿದರು. ರಾಜಣ್ಣ ಅವರನ್ನು ಒದ್ದು ಮಗುವನ್ನು ಎತ್ತಿಕೊಂಡು ಓಡಿದ. ಆ ಹಳ್ಳಿಯ ಡಾಕ್ಟರು ಮಂಚಕ್ಕೂ ಹಾಕಿಸಲಿಲ್ಲ. ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ದೊಡ್ಡಾಸ್ಪತ್ರೆಗೆ ಹೋಗಿ, ನಿಲ್ಲಬೇಡಿ ಎಂದು ಕೈಯಲ್ಲೇ ದಾರಿ ತೋರಿಸಿದರು. ಕುಮಾರ ವ್ಯಾನನ್ನು ಎಲ್ಲೆಲ್ಲಿ ನುಗ್ಗಿಸಿದನೋ. ಒಂದು ಕಡೆ ಸೈಕಲ್ಲಿಗೆ ತಗುಲಿಸಿದ, ನಿಲ್ಲಿಸಲಿಲ್ಲ. ಮಗುವಿನ ಉಸಿರು ನೀರಿನೊಳಗಿಂದ ಬಂದ ಹಾಗೆ ಗೊರಗೊರ ಎನ್ನುತ್ತಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದರು. ನನಗಿಂತ ಚಿಕ್ಕವರು. ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆದರು, ಮೈ ಒರೆಸಿದರು, ಗಂಧ ಒರೆಸಿದರು, ಮೂಗಿನಲ್ಲಿ ಕೊಳವೆ ತೂರಿಸಿದರು, ಸೂಜಿಯ ಮೇಲೆ ಸೂಜಿ ಚುಚ್ಚಿದರು. ನರ್ಸ್ ಸೆಲ್ವಿ ಹೊಸೂರು ಕಡೆಯವಳು, ಕನ್ನಡ ಬರುತ್ತಿತ್ತು.

‘ಏನು ಔಷಧಿ ಕುಡಿದಳು? ಹೊಲಕ್ಕೆ ಹೊಡೆಯೋದು ಏನಾದ್ರೂ?’

‘ಏನೂ ಕುಡ್ದಿಲ್ಲ’ ಎಂದೆ.

‘ನೋಡಮ್ಮಾ, ಡಾಕ್ಟರು ವಿಷ ಅಂತಾರೆ. ನಿಜ ಹೇಳು. ಹೆಂಗೂ ಪೊಲೀಸಿಗೆ ಬರೆದು ಕಳಿಸಬೇಕು.’

‘ಯಾವ ಪೊಲೀಸು? ನಮ್ ಮಗೀಗೆ ನಾವೇ ಯಾಕ್ ವಿಸ ಹಾಕಾವ?’ ಎಂದು ರಾಜಣ್ಣ ಕಿರುಚಿದ. ಅವನ ಕಾರ್ಖಾನೆಯಲ್ಲಿ ಗಲಾಟೆಯಾಗಿ ಕೇಸು ಬಿದ್ದ ಕಾಂಟ್ರ್ಯಾಕ್ಟ್ ಹುಡುಗರು ಮತ್ತೆ ಗೇಟಿನೊಳಗೆ ಹೋಗಿರಲಿಲ್ಲ. ಪೊಲೀಸ್ ಎಂಬ ಮಾತು ಕೇಳಿ ಅತ್ತೆ ಗೋಡೆಗೆ ಒತ್ತಿಕೊಂಡು ಕೂತರು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ದುಃಖಕ್ಕೆ ಎಂದುಕೊಂಡೆ.

ರಾಜಣ್ಣನಿಗೆ ಯಾರಾದರೂ ಬೇಕಿತ್ತು. ಅಂಗಳಕ್ಕೆ ಹೋಗಿ ಕುಮಾರನ ಕೊರಳಪಟ್ಟಿ ಹಿಡಿದ.

‘ಏನ್ಲಾ ತಿನ್ನುಸ್ದೆ ನನ್ ಮಗೀಗೆ?’

‘ಐಸ್ ಕ್ಯಾಂಡಿ ಕಣಣ್ಣ. ನಿನ್ ಮುಂದೇನೇ ಕೊಡ್ಸಿದ್ದು.’

ರಾಜಣ್ಣ ವ್ಯಾನಿನ ಬಾಗಿಲಿಗೆ ಅವನ ಮುಖವನ್ನು ಹೊಡೆದ. ಮತ್ತೆ ಹೊಡೆದ. ಕುಮಾರ ಕೈ ಎತ್ತಲಿಲ್ಲ. ಜನ ಬಂದು ಬಿಡಿಸುವಷ್ಟರಲ್ಲಿ ಮುಂದಿನ ಒಂದು ಹಲ್ಲು ನೆಲದಲ್ಲಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬೇಡ ಎಂದು ಕೂಗಲಿಲ್ಲ. ಅವನೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಕೈ ಕಟ್ಟಿದ್ದು ಆಮೇಲೆ. ವಿಷಕ್ಕೆ ಕೊಟ್ಟ ಮದ್ದು ತಲೆಗೇರುತ್ತದೆ, ಹೆದರಬೇಡ, ಕೆಂಪಾಗಿ ಕೂಗಾಡಿದರೆ ಮದ್ದು ಹಿಡಿಯಿತು ಅಂತ ಲೆಕ್ಕ ಎಂದು ಸೆಲ್ವಿ ಹೇಳಿದಳು. ಕಚ್ಚಿದ ನನ್ನ ಕೈಗೆ ಅವಳೇ ಅಯೋಡಿನ್ ಹಚ್ಚಿದಳು. ಸಂಜೆ ಹೊತ್ತಿಗೆ ಗೊರಗೊರ ನಿಂತಿತು. ದೀಪ ಹಾಕುವಾಗ ಚೈತ್ರ ಕಣ್ಣು ಬಿಟ್ಟು, ‘ಅಮ್ಮಾ, ನೀರು’ ಎಂದಳು. ಡಾಕ್ಟರು ಅವಳ ಕೆನ್ನೆ ಮುಟ್ಟಿ ನಕ್ಕರು. ಕಟ್ಟು ಬಿಚ್ಚಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬೋಳುತಲೆ ತಣ್ಣಗಿತ್ತು. ಚೀಲದಿಂದ ಟವೆಲ್ಲು ತೆಗೆದು ತಲೆಗೆ ಸುತ್ತಿದೆ. ಬೆಚ್ಚಗಿರಲಿ ಎಂದು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿದೆ.

ಬೆಳಿಗ್ಗೆ ಕುಮಾರ ಬಂದ. ಬಾಯಿ ಬದನೆಕಾಯಿಯ ಹಾಗೆ ಊದಿತ್ತು. ಕೈಯಲ್ಲಿ ಇಡ್ಲಿ ಪೊಟ್ಟಣ. ರಾಜಣ್ಣ ತಲೆ ಎತ್ತಲಿಲ್ಲ.

‘ಒಡ್ದಿದ್ದು ಆಮೇಕ್ ನೋಡ್ಕೊಳಾನ. ಮೊದ್ಲು ಒಸಿ ತಿನ್ನಣ್ಣ.’

ಆ ಪೊಟ್ಟಣ ಬಿಚ್ಚಲಿಲ್ಲ. ಮಗು ಮತ್ತೆ ನೊರೆ ಕಾರುತ್ತಿದ್ದಳು. ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿತ್ತು, ತುಟಿ ನೀಲಿಯಾಗಿತ್ತು. ಡಾಕ್ಟರು ಓಡಿ ಬಂದರು. ಅವರ ಮುಖದಲ್ಲಿ ಹಿಂದಿನ ದಿನದ ನಗು ಇರಲಿಲ್ಲ, ಸಿಟ್ಟಿತ್ತು. ಸೆಲ್ವಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ‘ರಾತ್ರಿ ಏನು ಕೊಟ್ಟಿರಿ? ಎಲ್ಲಿಂದಲೋ ಇನ್ನೂ ಒಳಗೆ ಹೋಗ್ತಾನೇ ಇದೆಯಂತೆ. ನಾವು ಮದ್ದು ಹಾಕ್ತಾನೇ ಇರ್ತೀವಿ, ಅದು ಹೋಗ್ತಾನೇ ಇರುತ್ತೆ. ಎಲ್ಲಿ ಅಂತ ಗೊತ್ತಾಗದೆ ಹೋದ್ರೆ ಮಗು ಉಳಿಯಲ್ಲ.’

ಮಗು ವಾಂತಿ ಮಾಡಿದಳು. ಟವೆಲ್ಲು ತೊಯ್ದಿತು. ಅದನ್ನು ಕಿತ್ತು ಅತ್ತೆಯ ಕಡೆ ಎಸೆದು, ‘ತೊಳ್ಕಂಡ್ ಬನ್ನಿ’ ಎಂದೆ. ಅತ್ತೆ ಹಿಂದೆ ಸರಿದರು. ಟವೆಲ್ಲು ನೆಲಕ್ಕೆ ಬಿತ್ತು. ಅದರ ಮೂಲೆಯನ್ನು ಎರಡೇ ಬೆರಳಲ್ಲಿ ಹಿಡಿದು, ಮೈಗೆ ತಾಕದ ಹಾಗೆ ದೂರ ಚಾಚಿಕೊಂಡು ನಲ್ಲಿಯ ಹತ್ತಿರ ಹೋದರು. ಅದನ್ನು ಕಲ್ಲಿನ ಮೇಲೆ ಬಿಟ್ಟು, ಮೊದಲು ತಮ್ಮ ಕೈ ತೊಳೆದುಕೊಂಡರು. ಮೊಣಕೈವರೆಗೆ ಮೂರು ಸಲ ತೊಳೆದರು. ಆ ತೊಳೆಯುವಿಕೆ ನನಗೆ ಗೊತ್ತಿತ್ತು. ದಿನಾ ನೋಡುತ್ತಿದ್ದೆ.

‘ಯಾಕತ್ತೆ ಹಂಗ್ ತೊಳೀತೀರಿ?’

‘ನಾಳೀಕೆ ಓಗಿ ಹುಳ ಮುಟ್ಬೇಕಲ್ಲವ್ವ’ ಎಂದರು. ಎಂದಮೇಲೆ ತಾವೇ ಬೆಚ್ಚಿದರು.

ಅವರ ತುರುಬು ನನ್ನ ಕೈಯಲ್ಲಿತ್ತು. ತಲೆಯನ್ನು ನಲ್ಲಿಯ ಕಟ್ಟೆಗೆ ಬಡಿದೆ. ಒಂದು ಸಲ ಎಂದು ಹೇಳಿಕೊಂಡು ಬಂದಿದ್ದೇನೆ. ಒಂದಲ್ಲ. ಹುಬ್ಬಿನ ಮೇಲೆ ಚರ್ಮ ಸೀಳಿ ರಕ್ತ ಮೂಗಿಗೆ ಇಳಿಯಿತು. ಹೊಟ್ಟೆಗೆ ಒದ್ದೆ. ಅರವತ್ತು ದಾಟಿದ ಹೆಂಗಸು ಅವರು. ‘ಏನ್ ಹಾಕ್ದೆ ಹೇಳು, ಏನ್ ಹಾಕ್ದೆ ನನ್ ಮಗಳ ತಲೀಗೆ’ ಎಂದು ಏಕವಚನದಲ್ಲಿ ಕೂಗುತ್ತಿದ್ದೆ. ಅತ್ತೆ ಕೈ ಅಡ್ಡ ಹಿಡಿಯಲಿಲ್ಲ. ಕುಮಾರನೂ ಹಿಡಿದಿರಲಿಲ್ಲ.

‘ಟಮಾಟ ತೋಟದ ಔಸ್ದಿ. ಕೊಬ್ರಿ ಎಣ್ಣೇಗೆ ಒಂದ್ ಮುಚ್ಳ’ ಎಂದರು. ‘ಊರೆಲ್ಲಾ ಹಾಕಕಿಲ್ವ. ಮುಡಿ ಜತೇಗೇ ಓಯ್ತು ಅನ್ಕಂಡಿದ್ನಲ್ಲವ್ವ.’

ಸೆಲ್ವಿ ನನ್ನನ್ನು ಎಳೆದು ಗೋಡೆಗೆ ತಳ್ಳಿದಳು. ಆಮೇಲೆ ತಮಿಳಿನಲ್ಲಿ ಕೂಗುತ್ತ ಓಡಿದಳು. ಟವೆಲ್ಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿದರು. ದಿಂಬು, ಹೊದಿಕೆ ಎಲ್ಲ ಹೊರಗೆಸೆದರು. ಕೈಗವಸು ಹಾಕಿಕೊಂಡು ಮಗುವಿನ ನೆತ್ತಿಯನ್ನು, ಕಿವಿಯ ಹಿಂದನ್ನು, ಕತ್ತನ್ನು ಸೋಪು ಹಾಕಿ ತೊಳೆದರು, ಮತ್ತೆ ತೊಳೆದರು. ನೀರು ಹುಣ್ಣಿಗೆ ತಾಕಿದಾಗ ಅವಳು ಕಿರುಚಿದಳು. ಕ್ಷೌರಿಕನ ಕತ್ತಿಗೂ ಅಳದವಳು ಕಿರುಚಿದ್ದನ್ನು ಕೇಳಿ ಡಾಕ್ಟರು ‘ಕೂಗಲಿ, ಕೂಗಲಿ’ ಎನ್ನುತ್ತ ತಲೆಯಾಡಿಸಿದರು.

ಈಗ ಹರಳೆಣ್ಣೆಯ ವಿಷಯ. ಅತ್ತೆ ಹರಳೆಣ್ಣೆ ಎಂದು ಹೇಳಲಿಲ್ಲ. ಆ ಮಾತನ್ನು ಆಮೇಲೆ ನಾನು ಅವರ ಬಾಯಿಗೆ ಹಾಕಿದೆ. ಆ ಸಂಜೆ ಜಗಲಿಗೆ ಬಂದಾಗ ನನಗೆ ವಾಸನೆ ಬಂದಿತ್ತು. ಟೊಮೆಟೊ ತೋಟದ ಪಕ್ಕ ಇರುವವರಿಗೆ ಆ ವಾಸನೆ ಗೊತ್ತಾಗದೆ ಇರುವುದಿಲ್ಲ. ‘ಔಸ್ದಿ ಹಚ್ಚಿದ್ರಾ?’ ಎಂದೆ. ‘ಒಸಿಯ’ ಎಂದರು. ಇಡೀ ದಿನ ಕಾಲರ್ ಹೊಲಿದು ಕಣ್ಣು ಉರಿಯುತ್ತಿತ್ತು. ಮೂಗಿಗೆ ಸೆರಗು ಹಿಡಿದುಕೊಂಡು ಒಳಗೆ ಹೋದೆ. ಹೇನು ಹೋಗುತ್ತವಲ್ಲ ಎಂಬ ನೆಮ್ಮದಿಯೂ ಇತ್ತು. ಮಗಳ ಪಕ್ಕದಲ್ಲಿ ಮಲಗಲಿಲ್ಲ. ವಾಸನೆಗೆ ತಲೆ ಸಿಡಿಯುತ್ತದೆ ಎಂದು ಒಳಗೆ ಮಲಗಿದೆ.

ಹಾಗಾದರೆ ಡಾಕ್ಟರು ಕೇಳಿದಾಗ ಯಾಕೆ ಹೇಳಲಿಲ್ಲ? ಅವರು ಏನು ಕುಡಿದಳು ಎಂದು ಕೇಳಿದರು, ಏನೂ ಕುಡಿದಿಲ್ಲ ಎಂದೆ. ನಿಜವನ್ನೇ ಹೇಳಿದ್ದೆ. ತಲೆಗೆ ಹಚ್ಚಿದ್ದು ಒಳಗೆ ಇಳಿಯುತ್ತದೆ ಎಂದು ಗೊತ್ತಿರಲಿಲ್ಲವೇ? ತೋಟದ ಗಾಳಿಗೇ ಹುಳ ಸಾಯುತ್ತವೆ ಎಂದು ಗೊತ್ತಿತ್ತು. ಟವೆಲ್ಲು ಸುತ್ತುವಾಗ ವಾಸನೆ ಬರಲಿಲ್ಲವೇ? ಬಂತು. ಆಸ್ಪತ್ರೆಯ ವಾಸನೆ ಎಂದುಕೊಂಡೆ. ಆಗ ಹಾಗೆ ಅಂದುಕೊಂಡೆನೋ ಈಗ ಅಂದುಕೊಳ್ಳುತ್ತಿದ್ದೇನೋ, ಆಣೆ ಇಟ್ಟು ಹೇಳಲಾರೆ.

ಮಧ್ಯಾಹ್ನ ಒಬ್ಬ ವಯಸ್ಸಾದ ಪೊಲೀಸಿನವನು ಬಂದ. ಸೆಲ್ವಿ ಅನುವಾದಿಸಿದಳು. ಹಚ್ಚಿದ್ದು ಯಾರು, ಮನೆಯಲ್ಲಿ ಇನ್ನು ಯಾರಿಗೆ ಗೊತ್ತಿತ್ತು ಎಂದು ಕೇಳಿದ. ನಾನು ಮಗಳ ಹೊದಿಕೆ ಸರಿಮಾಡತೊಡಗಿದೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಹಾಕಿಸಿಕೊಂಡ ಅತ್ತೆ ಎದ್ದು ನಿಂತರು.

‘ನಾನೇ ಹಚ್ಚುದ್ದು. ಇವ್ಳು ಫ್ಯಾಕ್ಟ್ರಿಗೋಗಿದ್ಲು. ಇವ್ಳಿಗೇನೂ ತಿಳೀದು.’

‘ಈ ಗಾಯ?’

‘ಬಾಗ್ಲು ತಾಗ್ತು.’

ನಮ್ಮಲ್ಲಿ ಯಾರಿಗೂ ಓದಲು ಬಾರದ ಅಕ್ಷರಗಳ ಕೆಳಗೆ ಅತ್ತೆ ಹೆಬ್ಬೆಟ್ಟು ಒತ್ತಿದರು. ಎರಡು ದಿನ ಅವರನ್ನು ವಾರ್ಡಿನೊಳಗೆ ಬಿಡಲಿಲ್ಲ. ವರಾಂಡದಲ್ಲಿ ಪೊಲೀಸಿನವನ ಬೆಂಚಿನ ಪಕ್ಕ ಕೂತಿದ್ದರು. ನಾನು ಮಗಳ ಮಂಚದ ಪಕ್ಕ ಕೂತಿದ್ದೆ. ಮೂರನೇ ದಿನ ಚೈತ್ರ ಕುಮಾರನ ಹಲ್ಲಿಲ್ಲದ ಬಾಯಿ ನೋಡಿ ನಕ್ಕಳು. ರಾಜಣ್ಣ ಮುಖ ತಿರುಗಿಸಿಕೊಂಡು ಅಂಗಳಕ್ಕೆ ಹೋದ. ಅದಾಗಿ ಒಂದು ವಾರಕ್ಕೆ ಮಗುವನ್ನು ಆಸ್ಪತ್ರೆಯಿಂದ ಬಿಟ್ಟರು. ಕೇಸು ಮುಂದೆ ಹೋಗಲಿಲ್ಲ. ಹೊರಡುವಾಗ ಸೆಲ್ವಿ ಒಂದು ಹೇನಿನ ಬಾಚಣಿಗೆ ತಂದು ನನ್ನ ಕೈಗಿಟ್ಟಳು.

ಊರಿಗೆ ಬಂದಾಗ ಹುಳ ಹಣ್ಣಾಗಿ, ಗೂಡು ಕಟ್ಟಿಸುವ ಬಿದಿರು ಚಂದ್ರಿಕೆಗೆ ಹಾಕುವವರಿಲ್ಲದೆ, ಕಸಕಡ್ಡಿಯಲ್ಲಿ, ತಟ್ಟೆಯ ಅಂಚಿನಲ್ಲಿ, ಗೋಡೆಯ ಮೂಲೆಯಲ್ಲಿ ಸಿಕ್ಕಸಿಕ್ಕಲ್ಲಿ ಗೂಡು ಕಟ್ಟಿಕೊಂಡಿದ್ದವು. ಅತ್ತೆ ಹೊಸ್ತಿಲ ಹೊರಗೇ ನಿಂತು ನೋಡಿದರು. ಮತ್ತೆಂದೂ ಒಳಗೆ ಹೋಗಲಿಲ್ಲ. ಗಾರ್ಮೆಂಟ್ಸ್ ಬಿಟ್ಟು ಹುಳ ನಾನೇ ನೋಡಿಕೊಂಡೆ.

ಹದಿಮೂರು ವರ್ಷ ಆ ಗಾಯದ ಬಗ್ಗೆ ಯಾರು ಕೇಳಿದರೂ ಅತ್ತೆ ‘ಆಸ್ಪತ್ರೆ ಬಾಗ್ಲು ತಾಗ್ತು’ ಎನ್ನುತ್ತಿದ್ದರು. ನಾನು ಎಲ್ಲರಿಗೂ ಹರಳೆಣ್ಣೆಯ ಕಥೆ ಹೇಳುತ್ತಿದ್ದೆ, ಅವರು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಕೂತಿರುವಾಗಲೂ. ಚೈತ್ರ ಕಾಲೇಜಿಗೆ ಸೇರಿದ ವರ್ಷ ಅತ್ತೆಯ ಕೈ ನಡುಗಲು ಶುರುವಾಗಿ, ತಲೆ ಬಾಚುವುದು ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಬಾಚುತ್ತಿದ್ದೆ. ಬೆರಳು ಹುಬ್ಬಿನ ಮೇಲಿನ ಗಂಟಿಗೆ ತಾಗಿತು.

‘ಅತ್ತೆ, ಅವತ್ತು ನಂಗೂ ಗೊತ್ತಿತ್ತು’ ಎಂದೆ.

‘ಗೊತ್ತಿತ್ತು ಕಣವ್ವ. ಮೂಗ್ ಮುಚ್ಕಂಡ್ ಒಳೀಕೋದಲ್ಲ, ನಾನ್ ನೋಡ್ನಿಲ್ವ.’

‘ಮತ್ಯಾಕೆ ಪೊಲೀಸ್ನೋರಿಗೆ ಹಂಗಂದ್ರಿ?’

‘ಇಬ್ರಿಗೂ ಗೊತ್ತಿತ್ತು ಅಂದಿದ್ರೆ ಇಬ್ರುನ್ನೂ ವರಾಂಡದಾಗೆ ಕುಂಡ್ರುಸೋರು. ಮಗೀನ್ ತಾವ ಯಾರಾರ ಒಬ್ರು ಇರ್ಬೇಕಿತ್ತಲ್ಲ.’

ಬಾಚಣಿಗೆ ಅವರ ಕೂದಲಲ್ಲೇ ನಿಂತಿತ್ತು.

‘ಬಾಚು’ ಎಂದರು ಅತ್ತೆ. ‘ಯಾಕ್ ನಿಲ್ಸ್‌ಬುಟ್ಟೆ?’